ಆ ಜೂನ್‌ನಲ್ಲಿ ಆಲ್ಮಾ ಬದುಕಿರಲಿಲ್ಲ

ಜಿಲ್ಲಾ ಭೂದಾಖಲೆ ಕಚೇರಿಯ ಮಾನ್ಯ ಅಧಿಕಾರಿಗಳೇ,

ಬರುವ ಸೋಮವಾರ ಬೆಳಿಗ್ಗೆ ಏಳಕ್ಕೆ, ನಿಮ್ಮ ಅನುಮತಿ ಪಡೆದ ಜಲ್ಲಿ ಗುತ್ತಿಗೆದಾರರು ನಾಲ್ಕು ವರ್ಷದ ಹುಡುಗಿಯೊಬ್ಬಳ ಗೋರಿಯನ್ನು ಅಗೆಯಲಿದ್ದಾರೆ. ಅದು ಗೋರಿಯೇ ಅಲ್ಲವೆಂದು ನೀವು ಬರೆದುಕೊಟ್ಟಿದ್ದೀರಿ. ನೆಬ್ರಾಸ್ಕಾದ ಆ ಇಳಿಜಾರಿನಲ್ಲಿ ಚೌಕವಾಗಿ ಹೂತಿಟ್ಟ ನಾಲ್ಕು ಸುಣ್ಣಕಲ್ಲುಗಳು ನಿಮ್ಮ ಪ್ರಕಾರ ಬರೀ ‘ಹೊಲದ ಕಲ್ಲು’. ಕಾರಣ, 1880ರ ಜನವರಿಯಲ್ಲಿ ಅಲ್ಲಿ ಸತ್ತಳೆಂದು ನಾವು ಹೇಳುವ ಆಲ್ಮಾ ಸ್ಟ್ರಿಕ್ಲರ್, ಅದೇ ವರ್ಷದ ಜೂನ್ ಜನಗಣತಿಯಲ್ಲಿ ಅಯೋವಾದಲ್ಲಿ ಜೀವಂತವಾಗಿದ್ದಾಳೆ.

ಆ ಹಾಳೆಯನ್ನು ನಾನೂ ಓದಿದ್ದೇನೆ. ಹನ್ನೊಂದು ವರ್ಷಗಳಿಂದ ನಮ್ಮ ಮನೆತನದ ಹಾಳೆಗಳನ್ನೇ ಓದುತ್ತಿದ್ದೇನೆ. ಅಜ್ಜ ಒಹಾಯೋದಲ್ಲಿ, ಮಗ ಇಂಡಿಯಾನಾದಲ್ಲಿ, ಮೊಮ್ಮಗಳು ಅಯೋವಾದಲ್ಲಿ: ಹುಟ್ಟೂರಿನ ಕಾಲಂ ಒಂದನ್ನೇ ಓದಿದರೂ ಬಂಡಿ ಪಡುವಣಕ್ಕೆ ಸಾಗಿದ ದಾರಿ ಕಾಣುತ್ತದೆ. 1879ರ ವಸಂತದಲ್ಲಿ ಆಲ್ಮಾಳ ತಂದೆತಾಯಿ ಆಸಾ ಮತ್ತು ಲವೀನಾ ನೆಬ್ರಾಸ್ಕಾಕ್ಕೆ ಬಂದರು. ಐದು ವರ್ಷ ಬಿಡದೆ ನೆಲಸಿ ಉತ್ತು ಬಿತ್ತಿದರೆ ಸರ್ಕಾರದ ನೆಲ ಅವರದು. ಹಾಗಿದ್ದೂ ಮರುವರ್ಷ ಮೂವರೂ ಅಯೋವಾದಲ್ಲಿ ಹೇಗೆ? ಆ ಮನೆಯ ಯಜಮಾನಿ ಆಸಾನ ವಿಧವೆ ತಾಯಿ ಕೆಝಾಯ. ಒಂದು ಚಳಿಗಾಲ ಕಂಡರೆ ಮಗ ಹಿಂದಿರುಗುತ್ತಾನೆಂದು ನಂಬಿದ್ದ ಆಕೆ ಮೂವರನ್ನೂ ತನ್ನ ಮನೆಯವರೆಂದೇ ಬರೆಸಿದಳು. ಮಗು ಸತ್ತದ್ದು ಆಕೆಗೆ ಗೊತ್ತಿರಲಿಲ್ಲ. ಆ ಬಯಲಿಗೆ ಕೂಸನ್ನು ಒಯ್ಯಬೇಡಿರೆಂದು ಬೇಡಿಕೊಂಡಿದ್ದ ಅತ್ತೆಗೆ ಲವೀನಾ ಏನೆಂದು ಬರೆಯಬೇಕಿತ್ತು? ಗಣತಿ ನಡೆದ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೆಝಾಯ ಬರೆದ ಕಾಗದ ನಮ್ಮಲ್ಲಿದೆ: “ಆಲ್ಮಾಗೆ ಉಣ್ಣೆ ಕಾಲುಚೀಲ ಹೆಣೀತಿದೀನಿ, ಪಾದದ ಅಳತೆ ಕಳ್ಸು.”

ಇದನ್ನೆಲ್ಲ ಹೇಳಲು ನನ್ನ ಸೋದರತ್ತೆ ಡೆಲ್ಫಾ ನಿಮ್ಮ ಕಚೇರಿಗೆ ಬಂದಿದ್ದರು. ವಯಸ್ಸು ತೊಂಬತ್ತೊಂದು, ಲವೀನಾಳ ಸ್ವಂತ ಮೊಮ್ಮಗಳು.

“ಅಜ್ಜೀ, ಜೂನ್‌ನಲ್ಲಿ ಬದುಕಿದ್ದ ಮಗು ಜನವರೀಲೇ ಸತ್ತಿತ್ತು ಅಂತೀರಲ್ಲ, ನಾನು ಏನಂತ ಬರ್ಕೊಳ್ಲಿ?” ಎಂದರು ನಿಮ್ಮ ಗುಮಾಸ್ತರು.

“ಅತ್ತೆಗೆ ಕೆಟ್ಟ ಸುದ್ದಿ ಬರೆಯೋ ಧೈರ್ಯ ಆಗ್ಲಿಲ್ಲ ಕಣಪ್ಪ ಅವಳಿಗೆ. ನಿನ್ ಹೆಂಡ್ತಿ ನಿಮ್ಮಮ್ಮನಿಗೆ ಬರೀತಾಳಾ?”

“ಬರೆಯೋ ಅಷ್ಟ್ರಲ್ಲಿ ನಮ್ಮಮ್ಮನೇ ಬಂದು ಬಾಗ್ಲು ತಟ್ತಾರೆ.”

“ಕೆಝಾಯಗೆ ನಡೆಯೋಕಾಗ್ತಿರ್ಲಿಲ್ಲ. ಬಂದಿದ್ರೆ ನಿಜ ಗೊತ್ತಾಗ್ತಿತ್ತು, ನಾನಿವತ್ತು ನಿನ್ ಮುಂದೆ ನಿಲ್ಬೇಕಾಗ್ತಿರ್ಲಿಲ್ಲ.”

ಗುಮಾಸ್ತರು ನಕ್ಕರು. ಆಮೇಲೆ ನಮ್ಮ ಅರ್ಜಿಯ ಮೇಲೆ ‘ತಿರಸ್ಕೃತ’ ಎಂಬ ಮುದ್ರೆ ಒತ್ತಿದರು.

ಮಾನ್ಯರೇ, ಅದೇ ಜೂನ್‌ನಲ್ಲಿ ನಿಮ್ಮದೇ ಜಿಲ್ಲೆಯ ಗಣತಿದಾರನೂ ಆಸಾ, ಲವೀನಾರನ್ನು ಎಣಿಸಿದ್ದಾನೆ. ಮಗುವಿಲ್ಲ. ಒಂದೇ ದಂಪತಿ ಏಕಕಾಲಕ್ಕೆ ಎರಡು ರಾಜ್ಯಗಳಲ್ಲಿ ಉಣ್ಣುತ್ತಿದ್ದುದು ನಿಮ್ಮ ಕಚೇರಿಗೆ ಸಹಜವಾಗಿ ಕಂಡಿತೇ? ಇನ್ನು 1884ರ ಭೂಮಂಜೂರಿ ಕಡತ. ಇವರು ಎಂದಾದರೂ ಈ ನೆಲ ಬಿಟ್ಟು ಹೋಗಿದ್ದರೇ ಎಂದು ಕೇಳಿದ್ದಕ್ಕೆ ನೆರೆಯ ಒರಿನ್ ಫೆಲ್ಪ್ಸ್ ಪ್ರಮಾಣ ಮಾಡಿ ಹೇಳಿದ್ದು: “ಇಲ್ಲ. ಮಗು ತೀರಿಕೊಂಡ ಚಳಿಗಾಲದಲ್ಲೂ ಹೋಗ್ಲಿಲ್ಲ. ನೆಲ ಹೆಪ್ಪುಗಟ್ಟಿತ್ತು. ಎರಡು ದಿನ ಬೆಂಕಿ ಹಾಕಿ ಕಾಯ್ಸಿ, ಇಳಿಜಾರಲ್ಲಿ ನಾನೇ ಅಗೆದೆ.”

ಈ ಮಾತನ್ನು ನಂಬಿ ಸರ್ಕಾರ ಹಕ್ಕುಪತ್ರ ಕೊಟ್ಟಿತು. ಆ ಹಕ್ಕುಪತ್ರದಿಂದಲೇ ಇಳಿದುಬಂದ ಒಡೆತನವನ್ನು ಗುತ್ತಿಗೆದಾರರಿಗೆ ದೃಢೀಕರಿಸಿದವರು ನೀವು. ಫೆಲ್ಪ್ಸ್ ನೆಲದ ಮಟ್ಟಿಗೆ ಸತ್ಯವಂತ, ಗೋರಿಯ ಮಟ್ಟಿಗೆ ಸುಳ್ಳುಗಾರನೇ?

ಆ ಸಾಕ್ಷ್ಯದ ಪ್ರತಿಯನ್ನು ಲಗತ್ತಿಸಿದ್ದೇನೆ. ಶುಕ್ರವಾರ ಕಚೇರಿ ಮುಚ್ಚುವ ಮೊದಲು ಅನುಮತಿಯನ್ನು ತಡೆಹಿಡಿಯಿರಿ. ಆ ಚೌಕವನ್ನು ಸಮಾಧಿಯೆಂದು ದಾಖಲಿಸಿ. ಆಗದೆಂದಾದರೆ ಸೋಮವಾರ ನೀವೇ ಬನ್ನಿ. ಮೊದಲ ಕಲ್ಲು ಕೀಳುವಾಗ ಡೆಲ್ಫಾ ಅತ್ತೆ ಅಲ್ಲಿರುತ್ತಾರೆ. ಏನು ನಡೆಯುತ್ತಿದೆಯೆಂದು ಅವರಿಗೆ ನೀವು ಹೇಳಿ. ನನ್ನಿಂದಾಗದು.

ಇಂತಿ,
ನಿಮ್ಮ ತಿರಸ್ಕೃತ ಅರ್ಜಿದಾರಳು,
ರೋವೀನಾ ಸ್ಟ್ರಿಕ್ಲರ್