ಒಡೆಯದೆ ಉಳಿದ ಸೀಸೆ

ಮಗನೇ,

ಸೊಸೆಯ ಮುಂಗೈ ಮುರಿದಿದೆ. ಹಣೆಗೆ ಹೊಲಿಗೆ ಹಾಕಿದ್ದಾರೆ. "ಮನೇಲಿ ಒಂದನ್ನೂ ಹೆರ್ಲಿಲ್ಲ, ಇಲ್ಲಿ ಬಾಟಲೀಲಿ ಸಾವಿರ ಹುಟ್ಟಿಸ್ತೀಯಾ?" ಎಂದು ಅವಳ ಪ್ರಯೋಗಾಲಯಕ್ಕೆ ನುಗ್ಗಿ, ಸಲಾಕೆಯಿಂದ ಸೀಸೆಗಳನ್ನೂ ಅವಳನ್ನೂ ಬಡಿದೆಯಲ್ಲೋ! ಊಟದ ಡಬ್ಬಿ ಕೊಡಲು ಬಂದ ನಾನು ಬಾಗಿಲಲ್ಲೇ ನಿಂತು ನೋಡಿದೆ.

ಒಂದು ಸೀಸೆ ಉಳಿದಿದೆ. ಅದರಲ್ಲಿರುವ ಕ್ಯಾರೆಟ್ ಕೋಶಗಳು ಹಾರ್ಮೋನಿರುವ ದ್ರವದಲ್ಲೇ ಇದ್ದರೆ ಬರೀ ಮುದ್ದೆಯಾಗಿ ಬೆಳೆಯುತ್ತವಂತೆ. ಹಾರ್ಮೋನಿಲ್ಲದ ದ್ರವಕ್ಕೆ ಬದಲಿಸಿದರೆ ಮಾತ್ರ ಗಿಡವಾಗುವ ಭ್ರೂಣ ಮೂಡುತ್ತದಂತೆ. ಪ್ರಜ್ಞೆ ಬಂದೊಡನೆ ಅವಳು ಕೇಳಿದ್ದು ಅದನ್ನೇ: "ಅತ್ತೆ, ಬದಲಿಸಿದ್ರಾ?" ಅವಳ ಜೊತೆ ಕೆಲಸ ಮಾಡುವವರು ಬದಲಿಸಿದ್ದಾರೆ.

ಅವಳ ಬಟ್ಟೆ, ಕನ್ನಡಕ ಪಕ್ಕದ ಮನೆಯವರ ಕೈಲಿ ಆಸ್ಪತ್ರೆಗೆ ಕಳಿಸು. ನೀನು ಬರಬೇಡ. ಕಂಡದ್ದೆಲ್ಲ ಪೊಲೀಸರಿಗೆ ಹೇಳಿದ್ದೇನೆ, ಸಂಜೆಗೆ ನಿನ್ನನ್ನು ಕರೆದೊಯ್ಯಲು ಬರುತ್ತಾರೆ. ಅಷ್ಟರಲ್ಲಿ ಹೊಟ್ಟೆಗೆ ಏನಾದರೂ ತಿನ್ನು, ಹಸಿವು ತಡೆಯುವವನಲ್ಲ ನೀನು.

ನಿನ್ನನ್ನು ಹೆತ್ತವಳು