ಲೆಕ್ಕಕ್ಕಿಲ್ಲದ ಎಂಟು ಗೆಲುವುಗಳು

ಅತ್ತೆ,

ನಿಮ್ಮ ಸೊಸೆ ಗೀತಾ ಬರೆಯುತ್ತಿದ್ದೇನೆ. ನೀವು ಮೊದಲು ಕೇಳುವ ಸುದ್ದಿಯನ್ನೇ ಹೇಳಿಬಿಡುತ್ತೇನೆ. ನೀವು ತೀರಿಕೊಂಡ ಮೇಲೆ ಉಳಿದಿದ್ದ ಹನ್ನೊಂದು ಪಂದ್ಯಗಳಲ್ಲಿ ನಮ್ಮ ಬೇಸ್‌ಬಾಲ್ ಟೀಮು ಎಂಟು ಗೆದ್ದಿತು. ಆದರೂ ಪ್ಲೇಆಫ್‌ಗೆ ಹೋಗಲಿಲ್ಲ. ಅದು ಆಗಸ್ಟ್‌ನಲ್ಲೇ ಕೈತಪ್ಪಿತ್ತಲ್ಲ...

ಮೈಸೂರಿನಿಂದ ನಿಮ್ಮನ್ನು ಇಲ್ಲಿ ಮೌಂಟನ್ ವ್ಯೂನ ನಮ್ಮ ಮನೆಗೆ ಕರೆತಂದ ದಿನ ನಾನು ಎಷ್ಟು ಹೆದರಿದ್ದೆ ಗೊತ್ತೆ? ಮೀರಾ ಹುಟ್ಟಿದಾಗ ಬಾಣಂತನಕ್ಕೆಂದು ಬಂದ ನೀವು, ಮಗುವಿಗೆ ಎಣ್ಣೆ ಹಚ್ಚುವ ವಿಷಯಕ್ಕೆ ನನ್ನೊಂದಿಗೆ ಜಗಳವಾಗಿ, ಎರಡೇ ವಾರಕ್ಕೆ ಟಿಕೆಟ್ ಬದಲಿಸಿಕೊಂಡು ಹೊರಟುಬಿಟ್ಟಿದ್ದಿರಿ. ಆಮೇಲೆ ಹತ್ತು ವರ್ಷ ಫೋನಿನಲ್ಲಿ "ಊಟ ಆಯ್ತಾ?" "ಆಯ್ತು." ಅಷ್ಟೇ. ಈಗ ನಿಮ್ಮ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಮೂರು ಮಧ್ಯಾಹ್ನ ಡಯಾಲಿಸಿಸ್‌ಗೆ ಕರೆದೊಯ್ದು ಪಕ್ಕದಲ್ಲಿ ಕೂರಬೇಕಾದವಳು ನಾನು.

ಏಪ್ರಿಲ್‌ನಲ್ಲಿ ಮೊದಲ ಸಲ ಹೋದಾಗಲೇ ಅಲ್ಲಿನ ಟಿವಿಯಲ್ಲಿ ಬೇಸ್‌ಬಾಲ್ ಬರುತ್ತಿತ್ತು, ಈ ಟೀಮು ಸೋಲುತ್ತಿತ್ತು. "ಹೊಡೆದ್ಮೇಲೆ ಬ್ಯಾಟ್ ಯಾಕೆ ಬಿಸಾಕ್ತಾನೆ ಅವ್ನು?" ಎಂದಿರಿ. ನನಗೂ ಗೊತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ, ಓಕ್ಲ್ಯಾಂಡ್ ಬಂದರಿನಲ್ಲಿ ದುಡಿದು ನಿವೃತ್ತರಾದ ಮುದುಕರು ಕೈಸನ್ನೆಯಲ್ಲೇ ನಿಮಗೆ ಆಟ ಕಲಿಸಿದರು. ಜೂನ್ ಹೊತ್ತಿಗೆ ನೀವು ನನಗೆ ಕಲಿಸುತ್ತಿದ್ದಿರಿ!

ಆಗಸ್ಟ್‌ನ ಆ ಮಧ್ಯಾಹ್ನ ಮತ್ತೆ ಸೋಲುವ ಸೂಚನೆ ಕಂಡು ನಾನು ರಿಮೋಟ್ ಎತ್ತಿಕೊಂಡೆ. "ಇನ್ನೇನಿದೆ ಅತ್ತೆ, ಸೀಸನ್ ಮುಗಿದ ಹಾಗೇ."

"ಆರಿಸ್ಬೇಡ. ಇನ್ನೂ ಆಡ್ತಿದಾರಲ್ಲ," ಎಂದಿರಿ. ಸ್ವಲ್ಪ ಹೊತ್ತಿನ ಮೇಲೆ, ಟಿವಿಯಿಂದ ಕಣ್ಣು ತೆಗೆಯದೆ, "ನಿನ್ನ ಬಾಣಂತನದಲ್ಲಿ ನಾನು ಹಾಗೆ ಎದ್ದು ಹೋಗ್ಬಾರ್ದಿತ್ತು ಕಣಮ್ಮ. ಅಯ್ಯೋ, ಔಟಾ ಅದು?" ಎಂದಿರಿ.

ಔಟೇ ಆಗಿತ್ತು. ನಾನು ಅದಕ್ಕೆ ಮಾತ್ರ ಉತ್ತರ ಕೊಟ್ಟೆ. ಇನ್ನೊಂದಕ್ಕೆ ಯಾಕೆ ಕೊಡಲಿಲ್ಲ? ನೀವು ಹೊರಡುವ ದಿನ ನಾನೂ ಬಾಗಿಲು ಹಾಕಿಕೊಂಡು ಕೂತಿದ್ದೆ. ತಪ್ಪು ನನ್ನದೂ ಇತ್ತು ಅತ್ತೆ. ಆಮೇಲೆ ನಿಮಗೆ ಉಳಿದಿದ್ದ ಐದು ವಾರ ನಾವು ಎಷ್ಟು ಮಾತಾಡಿದೆವು, ಎಷ್ಟು ನಕ್ಕೆವು! ಅದನ್ನು ಕೊಟ್ಟಿದ್ದಕ್ಕೆ ನಿಮಗೆ ಋಣಿ.

ಕೊನೆಯ ಪಂದ್ಯಕ್ಕೆ ನಾವು ಮೂವರೂ ಸ್ಟೇಡಿಯಂಗೆ ಹೋಗಿದ್ದೆವು. ಗೆದ್ದಾಗ ಸುತ್ತಲಿನವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು. "ಈಗ ಗೆದ್ದು ಏನು ಬಂತು?" ಎಂದರು ನಿಮ್ಮ ಮಗ. ಏಪ್ರಿಲ್‌ನ ಸೋಲು ಸೋಲಾಗಿಯೇ ಉಳಿಯುತ್ತದೆ, ನಿಜ. ಆದರೆ ಈ ವರ್ಷವನ್ನು ನೆನೆದಾಗ ನನಗೆ ಮೊದಲು ನೆನಪಾಗುವುದು ಆ ಎಂಟು ಗೆಲುವು. ನಾನೂ ಎದ್ದುನಿಂತು ಕೈ ನೋಯುವಷ್ಟು ತಟ್ಟಿದೆ.

ಇನ್ನೊಂದು ಸುದ್ದಿ. ಮೀರಾ ಸ್ಕೂಲಿನ ಸಾಫ್ಟ್‌ಬಾಲ್ ಟೀಮು ಸೇರಿದ್ದಾಳೆ. ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಶನಿವಾರ ಅವಳ ಮೊದಲ ಪಂದ್ಯ, ಹದಿನಾಲ್ಕು ರನ್ನಿನಿಂದ ಸೋತರು. "ಅಮ್ಮಾ, ಯು ಸ್ಟೇಡ್?" ಎಂದು ಕೇಳಿದಳು. ಹೂಂ, ಕೊನೆಯ ಚೆಂಡಿನವರೆಗೂ ಇದ್ದೆ. ಮುಂದೆಯೂ ಇರುತ್ತೇನೆ.

ನಿಮ್ಮ,
ಗೀತಾ