ಅರಿಶಿನ ಕೆಂಪಾಗುವವರೆಗೆ

ಗಣಿ ಮುಚ್ಚಿದ ಇನ್ನೂರ ಹದಿನೇಳನೆಯ ವರ್ಷ, ಸುಣ್ಣದ ಸರದಿಯ ನಲವತ್ತನೆಯ ದಿನ

ಗಣಿ ತೋಡಲು ಹೊರಟಿರುವ ಹಿರಿಯರಿಗೆ,

ಇನ್ನೂ ಬಾರದ ತಾರೀಖು ಕಂಡು ಗಾಬರಿಯಾಗಬೇಡಿ. ನಿಮ್ಮ ನಾಳೆ ನಮಗೆ ಎಂದೋ ಕಳೆದುಹೋದ ನಿನ್ನೆ. ತಿಳಿಯದ ಪದ ಬಂದರೆ ಕ್ಷಮಿಸಿ. ನೀವು ಬಿಟ್ಟುಹೋದ ಕೆಲಸಕ್ಕೆ ನಾವೇ ಹೆಸರಿಡಬೇಕಾಯಿತು. ನಾನು ಪಾಲಮ್ಮ, ಈ ಊರಿನ ಸುಣ್ಣಗಿತ್ತಿ. ಹೆರಿಗೆ ಮಾಡಿಸುವವಳು ಸೂಲಗಿತ್ತಿಯಾದರೆ, ಗಣಿಯ ನೀರಿಗೆ ಸುಣ್ಣ ಹಾಕುವವಳು ಸುಣ್ಣಗಿತ್ತಿ.

ನೀವು ಉಂಡೂ ಹೋದಿರಿ, ಕೊಂಡೂ ಹೋದಿರಿ. ತಾಮ್ರ ತೆಗೆದ ಬಿಲದಿಂದ ಹುಳಿನೀರು ಇಂದಿಗೂ ಹರಿಯುತ್ತಿದೆ. ಅದನ್ನು ಹೊಂಡಕ್ಕೆ ತಿರುಗಿಸಿ, ಸುಣ್ಣದ ಹಾಲು ಸುರಿದು, ಬಿದಿರ ಗಳದಿಂದ ಕಲಕುತ್ತೇವೆ. ಮೊದಲು ಕಬ್ಬಿಣ ಕೆಂಪು ಕೆಸರಾಗಿ ತಳ ಸೇರಿ ನೀರು ತಿಳಿಯಾಗುತ್ತದೆ. ಮೋಸ ಇರುವುದೇ ಅಲ್ಲಿ. ತಾಮ್ರ, ಸತು ಆ ತಿಳಿನೀರಿನಲ್ಲೇ ಅಡಗಿರುತ್ತವೆ. ಅದಕ್ಕೇ ಅರಿಶಿನದ ಬಟ್ಟೆ ಅದ್ದಿ ನೋಡುತ್ತೇವೆ. ಅವೂ ಕೆಸರಾಗಿ ಇಳಿಯಬೇಕಾದರೆ ಬಟ್ಟೆ ಕೆಂಪಾಗುವವರೆಗೂ ಸುಣ್ಣ ಹಾಕಬೇಕು. ಕೆಂಪಾದರೆ ‘ಹೊಂಡಕ್ಕೆ ಕುಂಕುಮ ಬಂತು’ ಎನ್ನುತ್ತೇವೆ. ಆಮೇಲೆ ಕೆಸರು ಇಳಿಯಲು ಬಿಟ್ಟು, ಮೂರನೆಯ ದಿನ ತೂಬು ತೆಗೆದು ನೀರನ್ನು ಕೆಳಗಿನ ಕೆರೆಗೆ ಬಿಡುತ್ತೇವೆ.

ಸುಣ್ಣದ ಕಲ್ಲಿನ ಗುಡ್ಡವನ್ನು ನಿಮ್ಮ ಕಾಲದವರೇ ಸಿಮೆಂಟಿಗೆಂದು ಮುಕ್ಕಾಲು ಪಾಲು ಕರಗಿಸಿದರಂತೆ. ಉಳಿದದ್ದು ಇನ್ನು ಒಂಬತ್ತು ವರ್ಷಕ್ಕೆ ಸಾಲದು. ಆ ಭಯಕ್ಕೇ ಹೋದ ಬೇಸಿಗೆಯಲ್ಲಿ ನಾನು ಜಿಪುಣಿಯಾದೆ. ನೀರು ತಿಳಿಯಾದ ಕೂಡಲೇ ಸುಣ್ಣ ನಿಲ್ಲಿಸಿದೆ, ಬಟ್ಟೆ ಅದ್ದದೆಯೇ ತೂಬು ತೆಗೆದೆ. ಐದನೆಯ ದಿನ ಕೆರೆಯ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಆ ಮೀನೇ ನನ್ನ ತಂಗಿ ಹೊನ್ನೂರಮ್ಮನ ಮನೆಯ ಅನ್ನ. ಬಿಸಿಲಿನ ಝಳಕ್ಕೆ ಸತ್ತವು ಎಂದುಕೊಂಡಳು. ನಾನೂ ಹೌದೆಂದೆ. ಬರೆಯಲು ನಾಚಿಕೆಯಾಗುತ್ತದೆ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ ಈಗ ಪ್ರತಿ ಸಲವೂ ಬಟ್ಟೆ ಕೆಂಪಾಗುವವರೆಗೆ ಹಾಕುತ್ತಿದ್ದೇನೆ, ಗುಡ್ಡ ಬೇಗ ಮುಗಿಯುತ್ತಿದೆ. ನಿಮ್ಮಲ್ಲಿ ಬೇಡುವುದು ಒಂದೇ: ಆ ಗುಡ್ಡ ಮುಟ್ಟಬೇಡಿ. ಅಲ್ಲಿರುವುದು ನಿಮ್ಮ ಗೋಡೆಯಲ್ಲ, ನಮ್ಮ ಕುಡಿಯುವ ನೀರು.

ಮೊನ್ನೆ ತಂಗಿ ಹೊಸ ಮೀನುಮರಿ ತಂದಳು. ಕೆರೆಗೆ ಬಿಡುವ ಮುಂಚೆ ಹೊಂಡದ ನೀರನ್ನು ನೀನೇ ಪರೀಕ್ಷೆ ಮಾಡಿಕೋ ಎಂದು ಅರಿಶಿನದ ಬಟ್ಟೆ ಕೊಟ್ಟೆ. ನಕ್ಕು ಹಿಂದಕ್ಕೆ ಕೊಟ್ಟಳು. “ಸುಣ್ಣ ಹಾಕೋಳು ನೀನಿರೋವಾಗ ನಂಗ್ಯಾಕಕ್ಕ ಇದು?”

ಆ ಬಟ್ಟೆಯನ್ನು ಈ ಕಾಗದದೊಳಗೆ ಇಟ್ಟಿದ್ದೇನೆ. ಹೋದ ಬೇಸಿಗೆಯಲ್ಲಿ ನಾನು ಅದ್ದದೇ ಉಳಿಸಿದ್ದೂ ಇದನ್ನೇ. ಇನ್ನೂ ಹಳದಿಯಾಗಿಯೇ ಇದೆ.